‘ಗ್ಯಾಸ್ ಕಮ್ಮಿಯಾಗಿದೆ ಸಾರ್’ ಎಂದಾಗ...

ಏಪ್ರಿಲ್ ಬಂತೆಂದರೆ ಕಲಬುರಗಿ, ರಾಯಚೂರಿನ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಏಸಿ ರಿಪೇರಿಯವರಿಗೆ ಪುರುಸೊತ್ತೇ ಇರುವುದಿಲ್ಲ. ಸೆಕೆ ತಾಳಲಾರದೆ ಯಾರು ಸಿಕ್ಕರೆ ಅವರನ್ನು ಕರೆಸುತ್ತೇವೆ. ಬಂದವರು ಕೆಲವೊಮ್ಮೆ ಮುಚ್ಚಳ ತೆಗೆಯುವ ಮೊದಲೇ ತೀರ್ಪು ಕೊಡುತ್ತಾರೆ: “ಗ್ಯಾಸ್ ಕಮ್ಮಿಯಾಗಿದೆ ಸಾರ್, ತುಂಬಿಸಬೇಕು.”

ಒಂದು ಮಾತು ನೆನಪಿರಲಿ. ಏಸಿಯ ಗ್ಯಾಸ್ ಅಡುಗೆ ಗ್ಯಾಸಿನಂತೆ ಉರಿದು ಖರ್ಚಾಗುವುದಿಲ್ಲ, ಕೊಳವೆಯೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಸಾಮಾನ್ಯವಾಗಿ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ತುಂಬಿಸಿದರೆ ತೂತು ಕೊಡಕ್ಕೆ ನೀರು ಹೊಯ್ದಂತೆ.

ಕೆಲಸ ಬಲ್ಲವರು ಮೊದಲು ಫಿಲ್ಟರ್, ಕಾಯಿಲ್ ನೋಡುತ್ತಾರೆ. ಎಷ್ಟೋ ಸಲ ಧೂಳೇ ಕಾರಣವಾಗಿರುತ್ತದೆ. ಸೋರಿಕೆಯ ಅನುಮಾನವಿದ್ದರೆ ನೈಟ್ರೋಜನ್ ತುಂಬಿ, ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಸರಿಪಡಿಸಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ತೆಗೆದು, ಏಸಿಯ ಲೇಬಲ್ಲಿನಲ್ಲಿ ಬರೆದಷ್ಟೇ ಗ್ಯಾಸನ್ನು ತೂಗಿ ತುಂಬುತ್ತಾರೆ.

ಈಗಿನ ಹಲವು ಏಸಿಗಳಲ್ಲಿರುವ ಆರ್-32 ಎಂಬ ಗ್ಯಾಸ್ ಬೆಂಕಿ ಹಿಡಿಯಬಲ್ಲದು. ಕೆಲವು ಮಾದರಿಗಳ ಆರ್-290 ಎಂದರೆ ಪ್ರೊಪೇನೇ. ಅರೆಬರೆ ತಿಳಿದವರ ಕೈಗೆ ಕೊಡುವ ವಸ್ತುವಲ್ಲ.

ಹಾಗಾಗಿ ಫೋನಿನಲ್ಲೇ ಕೇಳಿಬಿಡಿ: ಐಟಿಐನಲ್ಲಿ ಈ ಕೆಲಸ ಕಲಿತಿದ್ದೀರಾ? ಕಂಪನಿಯ ಅಧಿಕೃತ ಸರ್ವಿಸಿನವರೇ? ವ್ಯಾಕ್ಯೂಮ್ ಪಂಪ್, ತೂಕದ ಯಂತ್ರ ತರುತ್ತೀರಾ? ಬಿಲ್ಲು, ವಾರಂಟಿ ಕೊಡುತ್ತೀರಾ? ಕೆಲಸ ಗೊತ್ತಿದ್ದವರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಸಿಡುಕಿದರೆ, ಬೇರೆ ನಂಬರು ಹುಡುಕಿ.