ಹಳೇ ಗಾಡಿ: ಮೀಟರ್ ನಂಬಿ ಕೆಟ್ಟೆ

ತೊಗರಿ ಮಾರಿದ ರೊಕ್ಕದಲ್ಲಿ ಭಾಲ್ಕಿಯಲ್ಲಿ ಹಳೇ ಮೋಟರ್‌ಸೈಕಲ್ ಕೊಂಡೆ. ಮೀಟರ್ 18,000 ಕಿ.ಮೀ. ತೋರಿಸಿತು. ಕಡಿಮೆ ಓಡ್ಯಾದ ಅಂತ ಖುಷಿಪಟ್ಟೆ. ತಿಂಗಳೊಳಗೆ ನೀಲಿ ಹೊಗೆ. ಪಿಸ್ಟನ್ ರಿಂಗ್ ಸವೆದು ಆಯಿಲ್ ಸುಡುತ್ತಿತ್ತು. ಬಿತ್ತನೆ ಬೀಜಕ್ಕೆ ಇಟ್ಟ ಹಣ ಮೆಕ್ಯಾನಿಕ್ ಪಾಲಾಯಿತು.

ಲೆಕ್ಕ ಹಾಕಿ ನೋಡ್ರಿ. ಔರಾದಿನಿಂದ ಬೀದರಕ್ಕೆ ಸುಮಾರು 40 ಕಿ.ಮೀ. ಹಾಲು ಒಯ್ದು ಬರುವವನ ಗಾಡಿ ವರ್ಷಕ್ಕೆ 300 ದಿನ ಓಡಿದರೂ 24,000 ಆಗ್ತದ. ಐದಂಕಿಯ ಹಳೇ ಮೀಟರ್ ಲಕ್ಷ ಮುಟ್ಟಿದರೆ ಮತ್ತೆ ಸೊನ್ನೆ. ಕೇಬಲ್ ಬಿಚ್ಚಿಟ್ಟರೆ ಅದು ತಿರುಗೋದೇ ಇಲ್ಲ. ಇನ್ನು ಡಾಂಬರ್ ಮೇಲೆ ಓಡಿದ 50,000ಕ್ಕಿಂತ, ಎರಡು ಚೀಲ ಗೊಬ್ಬರ ಹೇರಿ ಹೊಲದ ದಾರಿಯಲ್ಲಿ ಓಡಿದ 20,000 ಕೆಟ್ಟದ್ದು ಅಂತ ನನ್ನ ಅನುಭವ.

ಫುಟ್‌ರೆಸ್ಟ್ ರಬ್ಬರ್ ಸವೆದು ನುಣ್ಣಗಾಗಿ, ಮೀಟರ್ ಮಾತ್ರ ಕಡಿಮೆ ಇದ್ದರೆ ಸಂಶಯ ಪಡ್ರಿ. ಬೆಳಿಗ್ಗೆ ಹೋಗಿ ಇಂಜಿನ್ ಮುಟ್ಟಿ ನೋಡಿ, ತಣ್ಣಗಿದ್ದಾಗ ನೀವೇ ಕಿಕ್ ಹೊಡೀರಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಮತ್ತೊಂದು ದಿನ ಬರ್ತೀನಿ ಅನ್ರಿ. ಸ್ಪ್ರಾಕೆಟ್ ಹಲ್ಲು ಗರಗಸದಂತೆ ಚೂಪಾಗಿದ್ದರೆ ಆ ಖರ್ಚು ಬೆಲೆಯಲ್ಲಿ ಕಳೀರಿ. ಚಾಸಿ ನಂಬರ್ ಆರ್.ಸಿ. ಜೊತೆ ತಾಳೆ ನೋಡ್ರಿ. ನಮ್ಮದು ಗಡಿ ಜಿಲ್ಲೆ. ಕೆ.ಎ. 38, 39 ಬಿಟ್ಟು ಮಹಾರಾಷ್ಟ್ರ, ತೆಲಂಗಾಣದ ಗಾಡಿಯಾದರೆ ಅಲ್ಲಿನ ಆರ್.ಟಿ.ಒ. ಎನ್.ಒ.ಸಿ. ಕಾಣದೆ ಮುಂಗಡ ಕೊಡಬ್ಯಾಡ್ರಿ.

ರಿಂಗ್ ಹಾಕಿಸಿದ ಮೇಲೆ ನನ್ನ ಗಾಡಿ ಇವತ್ತಿಗೂ ಓಡ್ತದ. ಮೀಟರ್ ಮಾತ್ರ ನಿಂತದ.