ಮಾನವ ಜೀವಿತದ ಬೆಳವಣಿಗೆಯನ್ನು ಕುರಿತ ಕೆಲವು ಮತಗಳು

“ನಮ್ಮ ಮಗಳು ಇಷ್ಟೇ; ಇನ್ನು ಇವಳು ಬದಲಾಗುವಳೆಂದು ತೋರುವುದಿಲ್ಲ” ಎಂದು ತಾಯ್ತಂದೆಗಳು ಶಾಲೆಗೆ ಬಂದು ಹೇಳುವುದುಂಟು. ಹದಿನಾರು ವರ್ಷದ ಹುಡುಗಿಯನ್ನು ಕುರಿತು ಹೀಗೆ ತೀರ್ಪು ಕೊಡುವುದು ನ್ಯಾಯವೇ? ಮನುಷ್ಯನ ಬೆಳವಣಿಗೆಯು ಯಾವ ವಯಸ್ಸಿಗೆ ಮುಗಿಯುವುದು? ಈ ಪ್ರಶ್ನೆಗೆ ಮನಶ್ಶಾಸ್ತ್ರಜ್ಞರು ಕೊಟ್ಟ ಉತ್ತರಗಳು ಒಂದೇ ವಿಧವಾಗಿಲ್ಲ. ಅವುಗಳನ್ನು ಹೋಲಿಸಿ ನೋಡುವುದು ಪೋಷಕರಿಗೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪ್ರಯೋಜನಕರವೆಂದು ಎಣಿಸಿ ಈ ಲೇಖನವನ್ನು ಬರೆದಿರುವೆನು.

ಮೊದಲನೆಯದು ವಿಯೆನ್ನಾ ನಗರದ ವೈದ್ಯರಾಗಿದ್ದ ಸಿಗ್ಮಂಡ್ ಫ್ರಾಯ್ಡ್ (1856–1939) ಅವರ ಮತ. ಮನುಷ್ಯನ ಸ್ವಭಾವದ ಅಸ್ತಿಭಾರವು ಮೊದಲ ಐದಾರು ವರ್ಷಗಳಲ್ಲಿಯೇ ಬೀಳುವುದೆಂದೂ, ಆಗಿನ ಭಯ ಪ್ರೀತಿಗಳು ಮನಸ್ಸಿನ ಆಳದಲ್ಲಿ ಅಡಗಿದ್ದು ದೊಡ್ಡವರಾದ ಮೇಲೂ ಕೆಲಸಮಾಡುವುವೆಂದೂ ಅವರು ಹೇಳಿದರು. ಶೈಶವವನ್ನು ಅಲಕ್ಷಿಸಬಾರದೆಂಬ ಪಾಠವು ಇದರಲ್ಲುಂಟು. ಆದರೆ ಈ ಸಿದ್ಧಾಂತವನ್ನು ಅವರು ಕಟ್ಟಿದ್ದು ಬಹುಮಟ್ಟಿಗೆ ವಯಸ್ಕ ರೋಗಿಗಳ ನೆನಪುಗಳಿಂದಲೇ ಹೊರತು ಮಕ್ಕಳನ್ನು ಕ್ರಮವಾಗಿ ಪರೀಕ್ಷಿಸಿ ಅಲ್ಲ. ಆದುದರಿಂದ ಅವರ ಅನೇಕ ಅಭಿಪ್ರಾಯಗಳನ್ನು ಈಗಿನ ವಿದ್ವಾಂಸರು ಒಪ್ಪುವುದಿಲ್ಲ.

ಮಕ್ಕಳನ್ನೇ ಹತ್ತಿರದಿಂದ ನೋಡಿದವರು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980). ತರುಣರಾಗಿದ್ದಾಗ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆಗಳನ್ನು ನಡೆಸುತ್ತಿದ್ದ ಅವರ ಕಣ್ಣು ಸರಿಯುತ್ತರಗಳಿಗಿಂತ ತಪ್ಪುತ್ತರಗಳ ಮೇಲೆ ಬಿದ್ದಿತು. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರನ್ನು ತುಂಬಿ, ಮಗುವಿನ ಎದುರಿನಲ್ಲಿಯೇ ಒಂದರ ನೀರನ್ನು ಎತ್ತರವಾದ ಸಪುರ ಲೋಟಕ್ಕೆ ಸುರಿಯಿರಿ. ಐದು ವರ್ಷದ ಮಗು ಸಾಮಾನ್ಯವಾಗಿ “ಇದರಲ್ಲಿ ಹೆಚ್ಚು” ಎನ್ನುವುದು. ಎಂಟು ವರ್ಷದ್ದು ಎರಡೂ ಸಮವೆನ್ನುವುದು. ಚಿಕ್ಕ ಮಗುವು ದಡ್ಡನಲ್ಲ. ಅದರ ಆಲೋಚನೆಯ ರೀತಿಯೇ ಬೇರೆ. ಇಂಥ ನಾಲ್ಕು ಹಂತಗಳನ್ನು ಹೇಳಿದ ಪಿಯಾಜೆಯವರ ಸೋಪಾನವು ಸುಮಾರು ಹನ್ನೊಂದು ಹನ್ನೆರಡು ವರ್ಷಕ್ಕೆ ಆರಂಭವಾಗುವ ತರ್ಕಶಕ್ತಿಯೊಡನೆ ಮುಗಿಯುವುದು.

ಅವರು ಹುಟ್ಟಿದ ವರ್ಷದಲ್ಲಿಯೇ ಹುಟ್ಟಿ, 1934ರಲ್ಲಿ ಕ್ಷಯರೋಗದಿಂದ ಅಕಾಲಮರಣ ಹೊಂದಿದ ರಷ್ಯಾ ದೇಶದ ಲೆವ್ ವೈಗೋಟ್ಸ್ಕಿಯವರು ಬೇರೊಂದು ಅಂಶವನ್ನು ಎತ್ತಿ ಹೇಳಿದರು. ಮಗುವು ಒಂಟಿಯಾಗಿ ಏನು ಮಾಡಬಲ್ಲದೆಂಬುದನ್ನು ಮಾತ್ರ ಅಳೆದರೆ ಸಾಲದು. ಬಲ್ಲವರ ನೆರವಿನಿಂದ ಏನು ಮಾಡಬಲ್ಲದೆಂಬುದನ್ನೂ ನೋಡಬೇಕು. ಇವೆರಡರ ನಡುವಣ ಎಡೆಯೇ ಉಪಾಧ್ಯಾಯರ ಹೊಲವು.

ಬೆಳವಣಿಗೆಯನ್ನು ಮುಪ್ಪಿನವರೆಗೂ ಕೊಂಡೊಯ್ದವರು ಜರ್ಮನಿಯಲ್ಲಿ ಹುಟ್ಟಿ ಅಮೇರಿಕಕ್ಕೆ ಹೋಗಿ ನೆಲಸಿದ ಎರಿಕ್ ಎರಿಕ್ಸನ್ (1902–1994). 1950ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು ಮನುಷ್ಯಜೀವಿತವನ್ನು ಎಂಟು ಘಟ್ಟಗಳಾಗಿ ವಿಭಾಗಿಸಿದರು. ಶಿಶುವು ಲೋಕವನ್ನು ನಂಬಲು ಕಲಿಯಬೇಕು. ಶಾಲೆಯ ಮಗುವು ತನ್ನ ಕೈಯಿಂದಲೂ ಕೆಲಸವಾಗುವುದೆಂದು ಕಾಣಬೇಕು. ಹದಿಹರೆಯದವರು ‘ನಾನು ಯಾರು’ ಎಂಬುದಕ್ಕೆ ಉತ್ತರ ಹುಡುಕಬೇಕು. ಮುಂದೆ ಆಪ್ತ ಸಂಬಂಧ, ಮಧ್ಯವಯಸ್ಸಿನಲ್ಲಿ ಮುಂದಿನ ತಲೆಮಾರಿನ ಪಾಲನೆ, ಕೊನೆಗೆ ಕಳೆದ ಬಾಳನ್ನು ಕೃತಜ್ಞತೆಯಿಂದ ಒಪ್ಪುವುದು. ಮಧ್ಯವಯಸ್ಸಿನ ಘಟ್ಟವನ್ನು ವಿವರಿಸಲು ಅವರು ನಮ್ಮ ದೇಶಕ್ಕೇ ಬಂದರು. 1918ರ ಅಹಮದಾಬಾದಿನ ಗಿರಣಿ ಮುಷ್ಕರದಲ್ಲಿ ನಲವತ್ತೆಂಟು ವರ್ಷದ ಗಾಂಧೀಜಿಯವರನ್ನು ಕುರಿತು 1969ರಲ್ಲಿ ಅವರು ಬರೆದ ಗ್ರಂಥಕ್ಕೆ ಪುಲಿಟ್ಜರ್ ಬಹುಮಾನವು ಬಂದಿತು. ಅವರ ಪತ್ನಿ ಜೋನ್ ಎರಿಕ್ಸನ್‌ರವರು ತಮ್ಮ ತೊಂಬತ್ತರ ವಯಸ್ಸಿನಲ್ಲಿ, ಎಂಟು ಸಾಲದೆಂದು ಒಂಬತ್ತನೆಯ ಘಟ್ಟವನ್ನೂ ಸೇರಿಸಿದರು!

ಇಲ್ಲಿ ಹೆಣ್ಣುಮಕ್ಕಳಿಗೆ ವಿಶೇಷವಾಗಿ ಸಂಬಂಧಿಸಿದ ಸಂಗತಿಯೊಂದುಂಟು. ನೀತಿವಿವೇಚನೆಯು ಆರು ಹಂತಗಳಲ್ಲಿ ಬೆಳೆಯುವುದೆಂದು ಹೇಳಿದ ಲಾರೆನ್ಸ್ ಕೋಲ್‌ಬರ್ಗ್‌ರವರು, 1958ರ ತಮ್ಮ ಮೂಲ ಸಂಶೋಧನೆಯಲ್ಲಿ ಗಂಡುಹುಡುಗರನ್ನು ಮಾತ್ರ ಪ್ರಶ್ನಿಸಿದ್ದರು. ಅವರೊಡನೆ ಕೆಲಸಮಾಡಿದ್ದ ಕ್ಯಾರಲ್ ಗಿಲಿಗನ್‌ರವರು, ನ್ಯಾಯದ ಮಾತಿನಂತೆಯೇ ಇತರರ ಆರೈಕೆಯ ಹೊಣೆಯೂ ನೀತಿಯ ಒಂದು ಮಾರ್ಗವೆಂದು 1982ರಲ್ಲಿ ವಾದಿಸಿದರು. ಗಂಡುಹೆಣ್ಣುಗಳ ನಡುವೆ ಅವರು ಭಾವಿಸಿದಷ್ಟು ಅಂತರವು ಮುಂದಿನ ಪರಿಶೋಧನೆಗಳಲ್ಲಿ ಕಂಡುಬರಲಿಲ್ಲ. ಆದರೂ ಅಳತೆಗೋಲನ್ನು ಯಾರನ್ನು ನೋಡಿ ಮಾಡಿದರೆಂದು ಕೇಳಬೇಕೆಂಬ ಅವರ ಎಚ್ಚರಿಕೆಯು ನಿಂತಿರುವುದು.

ಕಡೆಯದಾಗಿ, ಬರ್ಲಿನ್ನಿನ ಪಾಲ್ ಬಾಲ್ಟೆಸ್ (1939–2006) ಅವರ ಮತದಂತೆ ಪ್ರತಿ ವಯಸ್ಸಿನಲ್ಲಿಯೂ ಲಾಭನಷ್ಟಗಳೆರಡೂ ಕೂಡಿಯೇ ಬರುವುವು. ಪಿಯಾನೋ ವಿದ್ವಾಂಸರಾದ ಆರ್ಥರ್ ರೂಬಿನ್‌ಸ್ಟೀನರು ಮುಪ್ಪಿನಲ್ಲಿ ಕೆಲವೇ ಕೃತಿಗಳನ್ನು ಆರಿಸಿಕೊಂಡು, ಅವನ್ನೇ ಹೆಚ್ಚಾಗಿ ಅಭ್ಯಾಸಮಾಡಿ, ವೇಗದ ಭಾಗಕ್ಕೆ ಮುಂಚೆ ನಿಧಾನಿಸಿ ನುಡಿಸುತ್ತಿದ್ದುದನ್ನು ಅವರು ಉದಾಹರಣೆಯಾಗಿ ಹೇಳುತ್ತಿದ್ದರು.

ನನ್ನದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳತಕ್ಕದ್ದು. ತರಬೇತಿ ಕಾಲೇಜಿನಲ್ಲಿ ಈ ಮತಗಳನ್ನು ಓದಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದ ಹೊಸತರಲ್ಲಿಯೇ, ಒಬ್ಬ ಹುಡುಗಿಯ ಪ್ರಗತಿಪತ್ರದಲ್ಲಿ “ಗಣಿತವು ಈಕೆಗೆ ಸಾಧ್ಯವಿಲ್ಲ” ಎಂದು ಬರೆದೆನು. ಕೆಲವು ವರ್ಷಗಳ ಕೆಳಗೆ ಆಕೆ ನನ್ನನ್ನು ನೋಡಲು ಬಂದಳು. ಈಗ ಆಕೆ ಶುಶ್ರೂಷಕಿ; ಔಷಧದ ಪ್ರಮಾಣವನ್ನು ಲೆಕ್ಕಹಾಕುವ ಬಗೆಯನ್ನು ಕಿರಿಯರಿಗೆ ಕಲಿಸುವವಳು. “ಆ ಸಾಲನ್ನು ತೋರಿಸಿ ತಂದೆಯವರು ನನ್ನನ್ನು ಆರು ವರ್ಷ ಮನೆಯಲ್ಲಿಯೇ ಇರಿಸಿದರು, ಅಮ್ಮಾ” ಎಂದಳು. ಮಾತಿನಲ್ಲಿ ಕೋಪವಿರಲಿಲ್ಲ. ಆ ಆರು ವರ್ಷಗಳನ್ನು ನಾನು ಹಿಂದಕ್ಕೆ ಕೊಡಲಾರೆನು.

ಆದುದರಿಂದ ‘ಸಾಧ್ಯವಿಲ್ಲ’ ಎಂಬ ಪದವನ್ನು ನಾನು ಈಗ ಪ್ರಗತಿಪತ್ರದಲ್ಲಿ ಬರೆಯುವುದಿಲ್ಲ. ಏನು ಬಂದಿದೆ, ಏನು ಬರಬೇಕಾಗಿದೆ, ಯಾವ ನೆರವಿನಿಂದ ಬಂದೀತು ಎಂದು ಬರೆಯುವೆನು. ಪೋಷಕರೇ, ತಾವೂ ಮನೆಯಲ್ಲಿ ಆ ಪದವನ್ನು ಬಿಡಬೇಕೆಂದು ಬೇಡುವೆನು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮನ್ನು ಕುರಿತು ನಾವು ಹಿಂದೆ ಅವಸರದಿಂದ ಬರೆದುದು ಏನಾದರೂ ಇದ್ದರೆ ಅದನ್ನು ಕಡೆಯ ಮಾತೆಂದು ನಂಬಬೇಡಿರಿ. ದೇವರು ಇನ್ನೂ ಕೈಬಿಡದೆ ಮಾಡುತ್ತಿರುವ ಕೆಲಸಕ್ಕೆ ನಾವು ಮುಗಿಯಿತೆಂದು ಮುದ್ರೆಯೊತ್ತುವುದು ತರವಲ್ಲ.