ಮರದಲ್ಲಿ ಕೊರೆದ ಅಕ್ಷರ: ಫ್ರೆಟ್ ಗರಗಸದ ಕೆಲಸ ಮತ್ತು ಕೃತಿ ಪರಿಚಯ

ತರಗತಿ: 7ರಿಂದ 9. ಅವಧಿ: ವೃತ್ತಿ ಪರಿಚಯಕ್ಕೆ ನಾಲ್ಕು, ಭಾಷೆಗೆ ನಾಲ್ಕು.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ವಿದ್ಯಾರ್ಥಿಯು ವೃತ್ತಿ ಪರಿಚಯ ಮೇಳಕ್ಕೆ ಮರದ ಕೆಲಸವೊಂದನ್ನು ಸಿದ್ಧಪಡಿಸುವಾಗ ಯಾವ ಭಾಷೆಯಲ್ಲಿ ಮಾತನಾಡುತ್ತಾನೆಂಬುದನ್ನು ಅಧ್ಯಾಪಕರು ಗಮನಿಸಿರಬಹುದು. ಗೆಳೆಯನೊಡನೆ ತುಳುವಿನಲ್ಲಿಯೋ ಮನೆಮಾತಿನಲ್ಲಿಯೋ ಮಾತು. ತೀರ್ಪುಗಾರರಿಗೆ ಮಲಯಾಳದಲ್ಲಿ ಉತ್ತರ. ಉಪಕರಣಗಳಿಗೆ ಇಂಗ್ಲಿಷ್ ಹೆಸರು. ಇದರಲ್ಲಿ ದೋಷವೆಣಿಸುವುದಕ್ಕೇನೂ ಇಲ್ಲ. ಹಲವು ನುಡಿಗಳ ನಡುವೆ ಬೆಳೆದ ಮಗುವಿನ ಸಾಮರ್ಥ್ಯವದು. ಆದರೆ ಆ ನುಡಿಗಳ ಸಾಲಿನಲ್ಲಿ ಶಾಲೆಯ ಕನ್ನಡಕ್ಕೆ ಮಾತ್ರ ಸ್ಥಾನವಿಲ್ಲದೆ ಹೋದರೆ ಅದು ಪ್ರಶ್ನೋತ್ತರ ಬರೆಯುವ ಭಾಷೆಯಾಗಿಯಷ್ಟೇ ಉಳಿಯುತ್ತದೆ. ತಾನು ಮಾಡಿದ ಕೆಲಸವನ್ನು ವಿವರಿಸಲು ಒದಗದ ಭಾಷೆಯನ್ನು ಮಗು ತನ್ನದೆಂದು ಬಹುಕಾಲ ಎಣಿಸದು. ಮರವನ್ನು ಕೊರೆಯುವ ಕೆಲಸವನ್ನೂ, ಕೊರೆದುದನ್ನು ಇತರರ ಮುಂದಿಟ್ಟು ಕನ್ನಡದಲ್ಲಿ ಹೇಳುವ ಕೆಲಸವನ್ನೂ ಈ ಪಾಠದಲ್ಲಿ ಒಂದೇ ಚಟುವಟಿಕೆಯಾಗಿ ಯೋಜಿಸಿರುವುದು ಈ ಕಾರಣದಿಂದ.

ಹೀಗೆ ಜೋಡಿಸುವುದು ಹೊಸ ವಿಚಾರವಲ್ಲ. 1937ರಲ್ಲಿ ವರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನವು ಶಿಕ್ಷಣವು ಮಾತೃಭಾಷೆಯಲ್ಲಿ ನಡೆಯಬೇಕೆಂದೂ, ಉತ್ಪಾದಕವಾದ ಕೈಕೆಲಸವೊಂದು ಅದರ ಕೇಂದ್ರವಾಗಿರಬೇಕೆಂದೂ ಒಟ್ಟಿಗೇ ನಿರ್ಣಯಿಸಿತ್ತು. ಮುಂದೆ ಇವೆರಡೂ ಬೇರೆ ಬೇರೆ ಪೀರಿಯಡ್‌ಗಳಾದವು.

ಉಪಕರಣ

ಫ್ರೆಟ್ ಗರಗಸವೆಂದರೆ ಆಂಗ್ಲದ ಯು ಅಕ್ಷರದಂತೆ ಬಾಗಿದ, ಆಳವಾದ ಉಕ್ಕಿನ ಚೌಕಟ್ಟು. ಅದರ ಎರಡು ತುದಿಗಳ ನಡುವೆ ಸುಮಾರು 13 ಸೆಂಟಿಮೀಟರ್ ಉದ್ದದ, ದಪ್ಪ ದಾರದಷ್ಟು ಸಪೂರವಾದ ಅಲಗನ್ನು ಬಿಗಿಯಲಾಗುತ್ತದೆ. ಅಲಗು ಸಪೂರವಾಗಿರುವುದರಿಂದಲೇ ಸಾಮಾನ್ಯ ಗರಗಸವು ಹೋಗಲಾರದ ತಿರುವುಗಳಲ್ಲಿ ಇದು ಹೋಗುತ್ತದೆ. ಹವ್ಯಾಸಿಗಳು ಮನೆಯಲ್ಲಿ ಬಳಸುವ ಸ್ಕ್ರೋಲ್ ಸಾ ಯಂತ್ರವು ಇದೇ ಕೆಲಸವನ್ನು ಮೋಟಾರಿನ ಬಲದಿಂದ ಮಾಡುತ್ತದೆ: ಅಲಗು ನಿಂತಲ್ಲಿಯೇ ಮೇಲೆ ಕೆಳಗೆ ಚಲಿಸುತ್ತದೆ, ಕೈಗಳು ಹಲಗೆಯನ್ನು ತಿರುಗಿಸುತ್ತವೆ. ಯಂತ್ರವಿರುವ ಶಾಲೆಗಳಲ್ಲಿ ಅದನ್ನು ಅಧ್ಯಾಪಕರು ಮಾತ್ರ ನಡೆಸುವುದು ಒಳ್ಳೆಯದು. ತರಗತಿಗೆ ಕೈಗರಗಸವೇ ತಕ್ಕುದು. ಅದು ನಿಧಾನ, ಅದರ ನಿಧಾನವೇ ಇಲ್ಲಿ ನಮಗೆ ಬೇಕಾದುದು.

ಈ ಉಪಕರಣ ಕನ್ನಡ ನಾಡಿಗೆ ಹೊಸದೂ ಅಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಮೈಸೂರಿನ ಬೀಟೆಮರದ ಕುಸುರಿ ಕೆಲಸದಲ್ಲಿ ಆನೆ, ಮರ, ಮನುಷ್ಯಾಕೃತಿಗಳಿಗೆ ಬೇಕಾದ ಬಗೆಬಗೆಯ ಬಣ್ಣದ ಮರದ ಚೂರುಗಳನ್ನು ಕುಶಲಕರ್ಮಿಗಳು ಇಂತಹ ಸಪೂರ ಗರಗಸದಿಂದಲೇ ಕತ್ತರಿಸಿ, ಬೀಟೆಯ ಹಲಗೆಯಲ್ಲಿ ತೋಡಿದ ಕುಳಿಗಳಲ್ಲಿ ಕೂರಿಸುತ್ತಾರೆ. ಚಿತ್ರವೊಂದನ್ನು ತೋರಿಸಿ ಇಷ್ಟನ್ನು ಹೇಳಿದರೆ ಸಾಕು. ಇತಿಹಾಸದಲ್ಲಿ ಹೆಚ್ಚು ಕಾಲ ಕಳೆಯಬೇಕಾಗಿಲ್ಲ.

ಅಲಗನ್ನು ತೊಡಿಸುವಾಗ ಹಲ್ಲುಗಳು ಹಿಡಿಯ ಕಡೆಗೆ, ಅಂದರೆ ಕೆಳಮುಖವಾಗಿ ಇರಬೇಕು. ಗರಗಸದ ಹಿಡಿ ಹಲಗೆಯ ಕೆಳಗಿರುವುದರಿಂದ ಕೆಳಕ್ಕೆ ಎಳೆಯುವಾಗ ಮರ ಕತ್ತರಿಸಲ್ಪಡುತ್ತದೆ. ಮೇಲಕ್ಕೆ ತಳ್ಳುವಾಗ ಅಲಗು ಸುಮ್ಮನೆ ಹಿಂತಿರುಗುತ್ತದೆ. ತಲೆಕೆಳಗಾಗಿ ತೊಡಿಸಿದರೆ ಪ್ರತಿ ಸಲವೂ ಹಲಗೆ ಮೇಲಕ್ಕೆದ್ದು ನಡುಗುತ್ತದೆ. ಬಿಗಿತವನ್ನು ಪರೀಕ್ಷಿಸಲು ಅಲಗನ್ನು ಬೆರಳಿನಿಂದ ಮೀಟಬೇಕು. ತಂತಿಯಂತೆ ಸಣ್ಣ ನಾದ ಕೇಳಿಸಿದರೆ ಸರಿ. ಮೊದ್ದಾದ ಸದ್ದು ಬಂದರೆ ಇನ್ನೂ ಬಿಗಿಯಬೇಕು. ಮೇಜಿನ ಅಂಚಿಗೆ ಬಿಗಿದ, ಮುಂದಕ್ಕೆ ಚಾಚಿರುವ ಹಲಗೆಯೊಂದರಲ್ಲಿ ಹಕ್ಕಿಯ ತೆರೆದ ಕೊಕ್ಕಿನಂತಹ ಸೀಳನ್ನು ಕತ್ತರಿಸಿಟ್ಟರೆ ಅದೇ ಕೆಲಸದ ಮಣೆ. ಅಕ್ಷರದ ಹಲಗೆ ಅದರ ಮೇಲಿರುತ್ತದೆ, ಗರಗಸ ಆ ಸೀಳಿನೊಳಗೆ ಓಡುತ್ತದೆ.

ಕಲಿಯುವವರು ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಗರಗಸವನ್ನು ಮುಂದಕ್ಕೆ ಒತ್ತುವುದು ಒಂದು. ಅಲಗು ತನ್ನ ವೇಗದಲ್ಲಿ ಮುಂದೆ ಹೋಗಬೇಕು. ಒತ್ತಿದರೆ ಬಾಗುತ್ತದೆ, ಆಮೇಲೆ ಮುರಿಯುತ್ತದೆ. ಮೂಲೆಯಲ್ಲಿ ಗರಗಸವನ್ನೇ ತಿರುಗಿಸುವುದು ಇನ್ನೊಂದು. ತಿರುಗಬೇಕಾದುದು ಹಲಗೆ. ಮೂಲೆಗೆ ಬಂದಾಗ ಮುಂದೆ ಹೋಗುವುದನ್ನು ನಿಲ್ಲಿಸಿ, ಅಲಗನ್ನು ಇದ್ದಲ್ಲಿಯೇ ಮೇಲೆ ಕೆಳಗೆ ಆಡಿಸುತ್ತಾ ಹಲಗೆಯನ್ನು ನಿಧಾನವಾಗಿ ತಿರುಗಿಸಿದರೆ ಅಲಗು ತನಗೆ ಬೇಕಾದಷ್ಟು ಜಾಗವನ್ನು ತಾನೇ ಮಾಡಿಕೊಳ್ಳುತ್ತದೆ. ಏನೇ ಮಾಡಿದರೂ ಅಲಗುಗಳು ಮುರಿಯುತ್ತವೆ. ಮುರಿದವನನ್ನು ಗದರಿಸುವ ತರಗತಿಯಲ್ಲಿ ಈ ಕೆಲಸ ಬೆಳೆಯದು. ಹೆಚ್ಚಿನ ಅಲಗುಗಳನ್ನು ಮೊದಲೇ ತಂದಿಡಬೇಕು.

ಮರದ ಹುಡಿಯ ವಿಷಯದಲ್ಲಿ ಮಾತ್ರ ಸಡಿಲಿಕೆ ಸಲ್ಲದು. ಮರದ ಹುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿನಲ್ಲಿ ಸೇರಿಸಿದೆ. ನಾಲ್ಕು ಪೀರಿಯಡ್‌ಗಳ ಕೆಲಸಕ್ಕೆ ಹೆದರಬೇಕಾಗಿಲ್ಲವಾದರೂ ಅಭ್ಯಾಸ ಮೊದಲ ದಿನದಿಂದಲೇ ಬರಬೇಕು. ಗಾಳಿಯಾಡುವ ಜಗಲಿಯಲ್ಲಿ ಕೆಲಸ, ಮೂಗು ಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ. ಹುಡಿಯನ್ನು ಬಾಯಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರಸುವುದು.

ಅಕ್ಷರವನ್ನು ಕತ್ತರಿಸುವುದೆಂದರೆ

ಪ್ರತಿ ವಿದ್ಯಾರ್ಥಿಯೂ 3 ಮಿಲಿಮೀಟರ್ ದಪ್ಪದ ಪ್ಲೈವುಡ್‌ನಲ್ಲಿ ಸುಮಾರು 10 ಸೆಂಟಿಮೀಟರ್ ಎತ್ತರದ ಅಕ್ಷರವನ್ನು ಕತ್ತರಿಸಲಿ. ಕಾಗದದಲ್ಲಿ ಅಕ್ಷರವನ್ನು ದಪ್ಪ ಗೆರೆಗಳಲ್ಲಿ ಬರೆದು, ಆ ಕಾಗದವನ್ನು ಹಲಗೆಗೆ ಅಂಟಿಸಿ, ಗೆರೆಯ ಅಂಚನ್ನು ಹಿಡಿದು ಗರಗಸ ನಡೆಯಬೇಕು. ಯಾವ ಅಕ್ಷರ ಯಾರಿಗೆ ಎಂಬುದನ್ನು ಅಧ್ಯಾಪಕರು ಯೋಚಿಸಿ ಹಂಚಬೇಕು, ಏಕೆಂದರೆ ಎಲ್ಲ ಅಕ್ಷರಗಳ ಕಷ್ಟ ಒಂದೇ ಸಮನಾಗಿಲ್ಲ.

‘ಗ’ ಸುಲಭ. ಹೊರಗಿನ ಗೆರೆಯನ್ನು ಒಂದು ಸುತ್ತು ಅನುಸರಿಸಿದರೆ ಅಕ್ಷರ ಕೈಗೆ ಬರುತ್ತದೆ. ‘ರ’ ಹಾಗಲ್ಲ. ಅದರ ಹೊಟ್ಟೆಯೊಳಗೆ ಮುಚ್ಚಿದ ಜಾಗವೊಂದಿದೆ. ಹೊರಗಿನಿಂದ ಅಲ್ಲಿಗೆ ದಾರಿಯಿಲ್ಲ. ಒಳಭಾಗದಲ್ಲಿ ಬೈರಿಗೆಯಿಂದ ತೂತು ಕೊರೆದು, ಅಲಗಿನ ಒಂದು ತುದಿಯನ್ನು ಬಿಚ್ಚಿ, ತೂತಿನ ಮೂಲಕ ಪೋಣಿಸಿ, ಮತ್ತೆ ಬಿಗಿದು ಒಳಗಿನಿಂದ ಕತ್ತರಿಸಬೇಕು. ಒಳಗಿನ ಕತ್ತರಿಕೆ ಮೊದಲು, ಹೊರಗಿನದು ಕೊನೆಗೆ ಎಂಬುದು ಈ ಕೆಲಸದ ನಿಯಮ. ಹೊರಗಿನ ಹಲಗೆ ಇರುವವರೆಗೆ ಹಿಡಿಯಲು ಜಾಗವಿರುತ್ತದೆ. ಅಕ್ಷರಮಾಲೆಯನ್ನು ‘ತೂತು ಬೇಕಾದವು’ ಮತ್ತು ‘ತೂತು ಬೇಡವಾದವು’ ಎಂದು ವಿಂಗಡಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಬಿಡಬೇಕು. ಬರೆಯುವ ರೀತಿಯನ್ನು ಅನುಸರಿಸಿ ಕೆಲವು ಅಕ್ಷರಗಳ ಬಗ್ಗೆ ವಾದವೇಳುತ್ತದೆ. ಏಳಲಿ. ಏಳೆಂಟು ವರ್ಷಗಳಿಂದ ಬರೆಯುತ್ತಿರುವ ಅಕ್ಷರವನ್ನು ಮಗು ಅಂದು ಮೊದಲ ಬಾರಿ ನೋಡುತ್ತದೆ.

‘ಠ’ ಇನ್ನೊಂದು ಬಗೆಯ ಸಮಸ್ಯೆ. ನಡುವಿನ ಚುಕ್ಕಿ ಸುತ್ತಲಿನ ಬಳೆಗೆ ಎಲ್ಲಿಯೂ ಅಂಟಿಕೊಂಡಿಲ್ಲ. ಕತ್ತರಿಸಿದಾಗ ಕಳಚಿ ಬೀಳುತ್ತದೆ. ಬಳೆಯಿಂದ ಚುಕ್ಕಿಗೆ ಸಣ್ಣ ಸೇತುವೆಯೊಂದನ್ನು ಬಿಡಬಹುದು, ಇಲ್ಲವೇ ಎರಡನ್ನೂ ಹಿಂಬದಿಯ ಹಲಗೆಗೆ ಅಂಟಿಸಬಹುದು. ಎರಡನೆಯದೇ ಮೇಲೆಂದು ನನ್ನ ಅಭಿಪ್ರಾಯ. ಸೇತುವೆಯೂ ಅಕ್ಷರದ ಭಾಗವೆಂದೇ ಒಂದನೇ ತರಗತಿಯ ಮಗು ತಿಳಿದೀತು.

ಡ–ಢ, ದ–ಧ, ಪ–ಫ, ಬ–ಭ ಜೋಡಿಗಳನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಜೋಡಿಯಂತೆಯೇ ಕೊಡಬೇಕು. ಕೆಳಗಿನ ಪುಟ್ಟ ಗೆರೆಯೊಂದೇ ಮಹಾಪ್ರಾಣದ ಗುರುತು. ಬರವಣಿಗೆಯಲ್ಲಿ ಅವಸರದಿಂದ ಬಿಟ್ಟುಹೋಗುವ ಆ ಗೆರೆಯನ್ನು ಮರದಲ್ಲಿ ಉಳಿಸಲು ಅರ್ಧ ಗಂಟೆ ಹೆಣಗಿದವರು ಅದನ್ನು ಮರೆಯಲಾರರು. ಮಲಯಾಳದಲ್ಲಿ ಈ ಜೋಡಿಗಳಿಗೆ ಬೇರೆ ಬೇರೆ ಆಕಾರಗಳೇ ಇವೆ. ಹೊಸೂರು, ತಾಳವಾಡಿಗಳ ಮಕ್ಕಳು ಕಲಿಯುವ ತಮಿಳು ಲಿಪಿಯಲ್ಲಿ ಮಹಾಪ್ರಾಣಕ್ಕೆ ಪ್ರತ್ಯೇಕ ಅಕ್ಷರವೇ ಇಲ್ಲ. ಹೋಲಿಕೆಯನ್ನು ತರಗತಿಯಲ್ಲಿ ಧಾರಾಳವಾಗಿ ಬಳಸಬಹುದು.

ಕೊನೆಯಲ್ಲಿ ಇಡೀ ತಂಡಕ್ಕೆ ಒಂದು ಪ್ರಶ್ನೆ: ‘ಕನ್ನಡ’ ಎಂಬ ಪದವನ್ನು ಬಿಡಿಯಾಗದಂತೆ ಒಂದೇ ತುಂಡಾಗಿ ಕತ್ತರಿಸಬಹುದೇ? ದೇವನಾಗರಿಯಲ್ಲಿ ಬರೆದ ಪದವು ಶಿರೋರೇಖೆಯಿಂದ ತೂಗುವುದರಿಂದ ಬಹುತೇಕ ಒಂದೇ ತುಂಡಾಗಿ ಬರುತ್ತದೆ. ಹಿಂದಿ ಪಾಠದಿಂದ ಇದು ಮಕ್ಕಳಿಗೆ ಗೊತ್ತಿರುವ ಲಿಪಿಯೇ. ಕನ್ನಡದಲ್ಲಿ ತಲೆಕಟ್ಟು ಅಕ್ಷರಕ್ಕೊಂದು. ಅದು ಪಕ್ಕದ ಅಕ್ಷರವನ್ನು ಮುಟ್ಟದು. ಅದಲ್ಲದೆ ‘ನ್ನ’ದ ಒತ್ತು ಕೆಳಗೆ ಪ್ರತ್ಯೇಕವಾಗಿ ನಿಲ್ಲುತ್ತದೆ. ಮೂರಕ್ಷರದ ಪದ ನಾಲ್ಕು ತುಂಡಾಗುತ್ತದೆ. ಅಕ್ಷರಗಳನ್ನು ಎಲ್ಲಿ ಹೇಗೆ ಬೆಸೆದರೆ ಓದಿಗೆ ಅಡ್ಡಿಯಾಗದು ಎಂಬುದಕ್ಕೆ ಒಂದೇ ಸರಿಯುತ್ತರವಿಲ್ಲ. ಪ್ರತಿ ತಂಡವೂ ತನ್ನ ನಕ್ಷೆಯನ್ನು ಬರೆದು ಕಾರಣ ಹೇಳಲಿ.

ಕೆಲಸದ ಮಾತುಗಳು

ಕತ್ತರಿಸುವ ದಿನಗಳಲ್ಲಿಯೇ ಗೋಡೆಯ ಮೇಲೆ ಪದಪಟ್ಟಿ ಬೆಳೆಯುತ್ತಾ ಹೋಗಬೇಕು. ಊರಿನ ಆಚಾರಿಯವರೊಬ್ಬರನ್ನು ಒಂದು ಪೀರಿಯಡ್‌ಗೆ ಕರೆಸಿದರೆ ನಿಘಂಟಿಗಿಂತ ಹೆಚ್ಚು ದೊರೆಯುತ್ತದೆ. ನಮ್ಮಲ್ಲಿ ಆಚಾರಿ, ಮಲಯಾಳದಲ್ಲಿ ಆಶಾರಿ. ಅಕ್ಕಲಕೋಟೆ, ಜತ್ತದ ಕಡೆಯ ಕನ್ನಡದಲ್ಲಿ ಬಡಿಗ. ಉಳಿಯು ಕನ್ನಡ, ತಮಿಳು, ಮಲಯಾಳಗಳಲ್ಲಿ ಉಳಿಯೇ, ತೆಲುಗಿನಲ್ಲಿ ಉಲಿ. ನಮ್ಮ ಅರ ತಮಿಳು ಮಲಯಾಳಗಳಲ್ಲಿ ಅರಂ. ಗರಗಸಕ್ಕೆ ಬಂದಾಗ ದಾರಿಗಳು ಬೇರೆಯಾಗುತ್ತವೆ: ಮಲಯಾಳದಲ್ಲಿ ಈರ್ಚವಾಳ್, ತಮಿಳು ತೆಲುಗುಗಳಲ್ಲಿ ರಂಪಂ, ಮರಾಠಿಯಲ್ಲಿ ಕರವತ್. ನಮ್ಮ ‘ಗರಗಸ’ವು ಸಂಸ್ಕೃತದ ‘ಕ್ರಕಚ’ದ ತದ್ಭವ. ತತ್ಸಮ–ತದ್ಭವ ಪಟ್ಟಿಯಲ್ಲಿ ಬಾಯಿಪಾಠವಾಗಿದ್ದ ಪದವು ಅಂದು ಕೈಯಲ್ಲಿರುತ್ತದೆ. ‘ಫ್ರೆಟ್’, ‘ಪ್ಲೈವುಡ್’ ಮುಂತಾದವನ್ನು ಹಾಗೆಯೇ ಬಳಸಬಹುದು. ಯಾರೂ ಆಡದ ಪದವನ್ನು ಹೊಸದಾಗಿ ಕಟ್ಟುವ ಅಗತ್ಯವಿಲ್ಲ.

ಕೃತಿ ಪರಿಚಯ

ಮರಳುಕಾಗದದಿಂದ ಅಂಚುಗಳನ್ನು ಉಜ್ಜಿ ನಯಗೊಳಿಸಿದೊಡನೆ ಕೆಲಸ ಮುಗಿಯಿತೆಂದು ವಿದ್ಯಾರ್ಥಿಗಳು ಎಣಿಸುತ್ತಾರೆ. ಭಾಷಾಧ್ಯಾಪಕರ ಕೆಲಸ ಆರಂಭವಾಗುವುದು ಅಲ್ಲಿಂದ. ಮರಗೆಲಸದ ಹವ್ಯಾಸಿಗಳು ಪರಸ್ಪರ ಕೃತಿಗಳನ್ನು ತೋರಿಸುವಾಗ ಬರಿಯ ವಸ್ತುವನ್ನಷ್ಟೇ ಮುಂದಿಡುವುದಿಲ್ಲ. ಯಾವ ಮರ, ಎಷ್ಟು ದಪ್ಪ, ಯಾವ ಅಲಗು, ಎಷ್ಟು ತೂತು, ಎಲ್ಲಿ ಕಷ್ಟವಾಯಿತು ಎಂಬುದನ್ನೂ ಹೇಳುತ್ತಾರೆ. ನೋಡಿದವನು ಮನೆಗೆ ಹೋಗಿ ತಾನೂ ಅದನ್ನು ಮಾಡುವಂತಿರಬೇಕು. ಬರೆದುದು ಸಾಕೇ, ಸಾಲದೇ ಎಂಬುದಕ್ಕೆ ನಮ್ಮ ಅಳತೆಯೂ ಅದೇ ಆಗಿರಲಿ. ‘ನನಗೆ ತುಂಬಾ ಸಂತೋಷವಾಯಿತು’ ಎಂಬ ವಾಕ್ಯದಿಂದ ಯಾರೂ ಅಕ್ಷರ ಕತ್ತರಿಸಲಾರರು. ಎಂಟನೆಯ ತರಗತಿಯ ವಿದ್ಯಾರ್ಥಿಯ ಬರಹ ಹೀಗಿದ್ದರೆ ಉತ್ತಮ:

‘ಇದು ಠ. ಹಲಗೆ 3 ಮಿ.ಮೀ. ಪ್ಲೈವುಡ್. ಬಳೆಗೂ ಚುಕ್ಕಿಗೂ ನಡುವೆ ಒಂದು ತೂತು ಕೊರೆದೆ. ಅಲಗನ್ನು ಅದರಲ್ಲಿ ಪೋಣಿಸಿ ಬಳೆಯ ಒಳಗಿನ ಅಂಚನ್ನು ಕತ್ತರಿಸಿದಾಗ ಒಂದು ಬಿಲ್ಲೆ ಬಿದ್ದಿತು. ಚುಕ್ಕಿ ಆ ಬಿಲ್ಲೆಯಲ್ಲಿಯೇ ಇತ್ತು. ಆದರೆ ಬಿಲ್ಲೆ ಸಣ್ಣದು, ಕತ್ತರಿಸುವಾಗ ಹಿಡಿಯಲು ಜಾಗವಿಲ್ಲ, ಬೆರಳು ಅಲಗಿಗೆ ಹತ್ತಿರ ಬರುತ್ತದೆ. ಆದ್ದರಿಂದ ಚುಕ್ಕಿಯನ್ನು ಬೇರೆ ದೊಡ್ಡ ತುಂಡಿನ ಮೂಲೆಯಿಂದ ಕತ್ತರಿಸಿದೆ. ನೀವು ಮಾಡುವುದಾದರೆ ಚುಕ್ಕಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ.’

ಈ ಬರಹದಲ್ಲಿ ಕಾಲಾನುಕ್ರಮವಿದೆ, ಕಾರಣವಿದೆ, ಓದುಗನಿಗೆ ಸಲಹೆಯಿದೆ. ‘ಆದ್ದರಿಂದ’ ಎಂಬ ಪದವು ವ್ಯಾಕರಣದ ಅಭ್ಯಾಸಕ್ಕಾಗಿ ಬಂದುದಲ್ಲ, ಬೇಕಾಗಿ ಬಂದುದು. ಮೊದಲ ಕರಡಿನಲ್ಲಿ ಕಾಗುಣಿತದ ತಪ್ಪುಗಳನ್ನು ತಿದ್ದುವ ಬದಲು ಅರ್ಥವಾಗದ ಕಡೆಗಳಲ್ಲಿ ಪ್ರಶ್ನೆ ಬರೆದರೆ ಸಾಕು: ‘ತೂತು ಎಲ್ಲಿ?’, ‘ಯಾವುದು ಮೊದಲು?’ ಕಾಗುಣಿತವನ್ನು ಎರಡನೆಯ ಕರಡಿನಲ್ಲಿ ನೋಡಬಹುದು.

ಪ್ರದರ್ಶನವನ್ನು ಶಾಲೆಯ ಜಗಲಿಯಲ್ಲಿ ಏರ್ಪಡಿಸಬಹುದು. ಪ್ರತಿ ಅಕ್ಷರದ ಬಳಿ ಪರಿಚಯ ಪತ್ರ, ಅದರ ಬಳಿ ಮಾಡಿದವರು. ಹೆತ್ತವರಿಗೆ, ಇತರ ತರಗತಿಯವರಿಗೆ, ಬಂದಿದ್ದ ಆಚಾರಿಯವರಿಗೆ ಆಮಂತ್ರಣವಿರಲಿ. ನೋಡುವವರು ಯಾವ ಭಾಷೆಯಲ್ಲಿ ಕೇಳಿದರೆ ಆ ಭಾಷೆಯಲ್ಲಿಯೇ ವಿದ್ಯಾರ್ಥಿ ಉತ್ತರಿಸಲಿ. ಮಲಯಾಳದಲ್ಲಿ ಕೇಳಿದ ಅತಿಥಿಗೆ ಕನ್ನಡದಲ್ಲಿ ಉತ್ತರಿಸಬೇಕೆಂಬ ಹಟ ಬೇಡ. ಆದರೆ ಪತ್ರ ಕನ್ನಡದಲ್ಲಿದೆ, ಅಕ್ಷರ ಕನ್ನಡದ್ದು. ಅತಿಥಿಗೆ ವಿವರಿಸುವ ವಿದ್ಯಾರ್ಥಿಯು ತನ್ನ ಲಿಪಿಯ ಬಗ್ಗೆ ಇನ್ನೊಂದು ನುಡಿಯಲ್ಲಿ ಮಾತನಾಡುತ್ತಿರುತ್ತಾನೆ. ಅಂತಹ ಅವಕಾಶ ಪರೀಕ್ಷೆಯಲ್ಲಿ ಬರುವುದಿಲ್ಲ. ಬೇಡವಾದುದು ಬಹುಮಾನ. ಮೊದಲನೆಯದು, ಎರಡನೆಯದು ಎಂದು ಆರಿಸತೊಡಗಿದರೆ ಎಲ್ಲರೂ ನಯವಾದ ಅಂಚುಗಳನ್ನು ನೋಡುತ್ತಾರೆ, ಪತ್ರಗಳನ್ನು ಓದುವವರು ಉಳಿಯುವುದಿಲ್ಲ.

ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ. 25 ಮಂದಿಯ ತರಗತಿಯಲ್ಲಿ ಒಬ್ಬೊಬ್ಬರು ಎರಡೆರಡು ಮಾಡಿದರೆ ಒಂದು ಪೂರ್ಣ ಕಟ್ಟು ಸಿದ್ಧವಾಗುತ್ತದೆ. ಎರಡು ತೆಳು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಅಂಚಿಗೆ ಅಂಟುಪಟ್ಟಿ ಸುತ್ತಿ ಒಟ್ಟಿಗೇ ಕತ್ತರಿಸಿದರೆ ಅದೇ ಶ್ರಮದಲ್ಲಿ ಎರಡು ಕಟ್ಟುಗಳಾಗುತ್ತವೆ. ಒಂದು ನಮ್ಮ ಒಂದನೇ ತರಗತಿಗೆ, ಇನ್ನೊಂದು ಹತ್ತಿರದ ಅಂಗನವಾಡಿಗೆ. ಅಲ್ಲಿನ ಮಕ್ಕಳು ಅಕ್ಷರದ ಅಂಚಿನಲ್ಲಿ ಬೆರಳಾಡಿಸಿ ಕಲಿಯುವರಾದ್ದರಿಂದ ಸಿಬಿರು ಉಳಿಯದಂತೆ ಇನ್ನೊಮ್ಮೆ ಉಜ್ಜಬೇಕು; ‘ಠ’ದ ಚುಕ್ಕಿ ಕಳಚಿ ಬಾಯಿಗೆ ಹೋಗದಂತೆ ಗಟ್ಟಿಯಾಗಿ ಅಂಟಿಸಬೇಕು. ಪರಿಚಯ ಪತ್ರಗಳನ್ನು ಹೊಲಿದು ಪುಸ್ತಕ ಮಾಡಿ ಅಕ್ಷರಗಳ ಜೊತೆಗೇ ಪೆಟ್ಟಿಗೆಯಲ್ಲಿ ಇಡಬೇಕು. ಒಂದು ಅಕ್ಷರ ಮುರಿದಾಗ ಮುಂದಿನ ವರ್ಷದ ವಿದ್ಯಾರ್ಥಿಗಳು ಆ ಪುಟವನ್ನು ತೆರೆದು, ಓದಿ, ಅದನ್ನು ಮತ್ತೆ ಮಾಡಬೇಕಾಗುತ್ತದೆ.